ಅಪೋಲೋ 1ರ ಬೆಂಕಿ: ಎರಡು ಪೀರಿಯಡ್‌ಗಳಲ್ಲಿ ಲೆಕ್ಕ ಹಾಕಿ ಪಾಠ ಮಾಡುವ ಬಗೆ

ಅಮೆರಿಕದ ಚಂದ್ರಯಾನ ಯೋಜನೆಯ ಅಪೋಲೋ 1ರ ದುರಂತವನ್ನು ಹೇಳುವಾಗ ಹೆಚ್ಚಿನವರು "ತಂತಿಯಲ್ಲಿ ಕಿಡಿ ಹಾರಿತು, ಮೂವರು ತೀರಿಕೊಂಡರು" ಎಂದು ಮುಗಿಸಿಬಿಡುತ್ತಾರೆ. ಕಿಡಿ ಎಲ್ಲಿಂದ ಬಂತೆಂದು ತನಿಖಾ ಮಂಡಳಿಗೇ ಖಚಿತವಾಗಿ ಹೇಳಲಾಗಲಿಲ್ಲ. ಆದರೆ ಆ ಕಿಡಿ ಅಷ್ಟು ಬೇಗ ಬೆಂಕಿಯಾದದ್ದು ಏಕೆ, ಬಾಗಿಲು ತೆರೆಯದೇ ಹೋದದ್ದು ಏಕೆ ಎಂಬ ಎರಡು ಪ್ರಶ್ನೆಗಳಿಗೆ ಹತ್ತನೇ ತರಗತಿಯ ಮಕ್ಕಳೂ ಲೆಕ್ಕ ಹಾಕಿ ಉತ್ತರ ಹೇಳಬಲ್ಲರು. ಪಾಠದ ಜೀವ ಇರುವುದು ಅಲ್ಲಿ. ಪ್ರೌಢಶಾಲೆ, ಪಿಯುಸಿ ತರಗತಿ, ವಿಜ್ಞಾನ ಸಂಘ ಇವುಗಳಲ್ಲಿ ಎರಡು ಪೀರಿಯಡ್‌ಗಳಿಗೆ ಹೊಂದುವ ಕ್ರಮ ಇಲ್ಲಿದೆ.

ಬೇಕಾದ ಸಾಮಾನು ಕಡಿಮೆ. ಅಳತೆಯ ಟೇಪು, ಬಣ್ಣದ ಸೀಮೆಸುಣ್ಣ, ಒಳಮುಚ್ಚಳದ ಪ್ರೆಶರ್ ಕುಕ್ಕರ್ ಒಂದು, ಔಷಧಿ ಅಂಗಡಿಯ 3% ಹೈಡ್ರೋಜನ್ ಪೆರಾಕ್ಸೈಡ್ 20 ಮಿ.ಲೀ., ಚಿಟಿಕೆ ಮ್ಯಾಂಗನೀಸ್ ಡೈಆಕ್ಸೈಡ್, 100 ಮಿ.ಲೀ. ಕೋನಾಕಾರದ ಫ್ಲಾಸ್ಕ್, ತೆಂಗಿನ ಪೊರಕೆಯ ನಾಲ್ಕೈದು ಕಡ್ಡಿ, ಬೆಂಕಿಪೆಟ್ಟಿಗೆ, ಪಕ್ಕದಲ್ಲಿ ಒಂದು ಬಕೆಟ್ ನೀರು. ಕುಕ್ಕರ್ ಮಾತ್ರ ಒಳಮುಚ್ಚಳದ್ದೇ ಆಗಬೇಕು. ಹೊರಮುಚ್ಚಳದ್ದು ತಂದರೆ ಎರಡನೇ ಪೀರಿಯಡ್ ಕೆಡುತ್ತದೆ.

ಮೊದಲ ಪೀರಿಯಡ್: ಹಿನ್ನೆಲೆ, ಆಮೇಲೆ ಸೆಕೆಂಡುಗಳು

ಹಿನ್ನೆಲೆಗೆ ಐದು ನಿಮಿಷ ಸಾಕು. ದಿನಾಂಕ 27 ಜನವರಿ 1967. ಸ್ಥಳ ಫ್ಲೋರಿಡಾದ ಕೇಪ್ ಕೆನಡಿಯ 34ನೇ ಉಡಾವಣಾ ಕಟ್ಟೆ. ಈ ಕೇಪ್‌ನ ಇಂದಿನ ಹೆಸರು ಕನಾವೆರಲ್. ಸ್ಯಾಟರ್ನ್ 1ಬಿ ರಾಕೆಟ್ಟಿನ ತುದಿಯಲ್ಲಿ 012ನೇ ಸಂಖ್ಯೆಯ ಕಮಾಂಡ್ ಮಾಡ್ಯೂಲ್, ಎಂದರೆ ಗಗನಯಾತ್ರಿಗಳು ಕೂರುವ ನೌಕೆ, ಇತ್ತು. ಎಡ ಆಸನದಲ್ಲಿ ವರ್ಜಿಲ್ ಗ್ರಿಸಮ್, ನಡುವೆ ಎಡ್ವರ್ಡ್ ವೈಟ್, ಬಲಕ್ಕೆ ರೋಜರ್ ಚಾಫಿ. ಉಡಾವಣೆ ಫೆಬ್ರವರಿ 21ಕ್ಕೆ ನಿಗದಿಯಾಗಿತ್ತು. ಅವರು ಹೋಗಬೇಕಿದ್ದದ್ದು ಚಂದ್ರನಿಗಲ್ಲ, ಭೂಕಕ್ಷೆಗೆ, ಹೆಚ್ಚೆಂದರೆ 14 ದಿನಗಳ ಯಾನಕ್ಕೆ. ಅಂದಿನದು ಹೊರಗಿನ ವಿದ್ಯುತ್ ಸಂಪರ್ಕ ಬಿಡಿಸಿ, ನೌಕೆ ತನ್ನದೇ ಶಕ್ತಿಯಲ್ಲಿ ನಡೆಯುತ್ತದೆಯೇ ಎಂದು ನೋಡುವ ತಾಲೀಮು. ರಾಕೆಟ್ಟಿಗೆ ಇಂಧನ ತುಂಬಿರಲಿಲ್ಲ. ಇಂಧನವಿಲ್ಲದ ಕಾರಣಕ್ಕೇ ಆ ಪರೀಕ್ಷೆಯನ್ನು ಅಪಾಯಕಾರಿ ಎಂದು ವರ್ಗೀಕರಿಸಿರಲಿಲ್ಲ. ಅಗ್ನಿಶಾಮಕ ತಂಡವಾಗಲಿ ವೈದ್ಯರಾಗಲಿ ಹತ್ತಿರದಲ್ಲಿ ಸಿದ್ಧರಿರಲಿಲ್ಲ. ಇದನ್ನು ಬೋರ್ಡಿನ ಮೂಲೆಯಲ್ಲಿ ಬರೆದಿಡಿ, ಆಮೇಲೆ ಬೇಕಾಗುತ್ತದೆ.

ಮಧ್ಯಾಹ್ನದ ಘಟನೆಗಳು ಬೇಗ ಸಾಗಲಿ. 1 ಗಂಟೆಗೆ ಮೂವರೂ ಒಳಗೆ ಹೋದರು. ಉಡುಪಿಗೆ ಬರುವ ಆಮ್ಲಜನಕದಲ್ಲಿ ಹುಳಿ ಮಜ್ಜಿಗೆಯಂಥ ವಾಸನೆ ಇದೆ ಎಂದು ಗ್ರಿಸಮ್ ಹೇಳಿದ್ದರಿಂದ ತಾಲೀಮಿನ ಇಳಿಎಣಿಕೆ (ಕೌಂಟ್‌ಡೌನ್) ನಿಂತಿತು. 2:42ಕ್ಕೆ ಮತ್ತೆ ಶುರುವಾಯಿತು. ಈ ವಾಸನೆಗೂ ಬೆಂಕಿಗೂ ಸಂಬಂಧವಿಲ್ಲವೆಂದು ತನಿಖೆ ಹೇಳಿತು. ಮಕ್ಕಳು ಇದನ್ನೇ ಹಿಡಿದುಕೊಂಡು ಕೂರುತ್ತಾರೆ, ಬಿಡಿಸಿ ಮುಂದೆ ಹೋಗಿ. 2:45ಕ್ಕೆ ಬಾಗಿಲು ಮುಚ್ಚಿ ಒಳಗಿನ ಗಾಳಿ ತೆಗೆದು ಶುದ್ಧ ಆಮ್ಲಜನಕ ತುಂಬಿದರು. ಸಂಜೆಯೆಲ್ಲ ಧ್ವನಿ ಸಂಪರ್ಕದ ಕಿರಿಕಿರಿ. 5:40ಕ್ಕೆ ಎಣಿಕೆ ಮತ್ತೆ ನಿಂತಿತು.

ಈಗ ಬೋರ್ಡಿನ ಮೇಲೆ ಮೂರು ಮೀಟರ್ ಉದ್ದದ ಅಡ್ಡಗೆರೆ ಎಳೆಯಿರಿ. ಒಂದು ಸೆಕೆಂಡಿಗೆ 10 ಸೆಂ.ಮೀ. ಎಡತುದಿಯಲ್ಲಿ ಸಂಜೆ 6:30:54.8 ಎಂದು ಬರೆಯಿರಿ. ಉಳಿದ ಗುರುತುಗಳು ಹೀಗೆ:

ಶೂನ್ಯ ಸೆಂ.ಮೀ., 6:30:54.8. ನೌಕೆಯೊಳಗೆ ವಿದ್ಯುತ್ ಹಂಚುವ ಮುಖ್ಯ ತಂತಿಗಳಲ್ಲೊಂದಾದ ಎರಡನೇ ಎಸಿ ಬಸ್‌ನಲ್ಲಿ ವೋಲ್ಟೇಜ್ ಒಮ್ಮೆ ಅಲುಗಿದ ದಾಖಲೆ.
99 ಸೆಂ.ಮೀ., 6:31:04.7. ಬೆಂಕಿ ಎಂದು ಒಳಗಿಂದ ಮೊದಲ ಮಾತು.
220 ಸೆಂ.ಮೀ., 6:31:16.8. ಎರಡನೇ, ಕೊನೆಯ ಮಾತು ಶುರು. ಐದು ಸೆಕೆಂಡು ನಡೆಯಿತು.
246 ಸೆಂ.ಮೀ., 6:31:19.4. ಒಳಗಿನ ಒತ್ತಡಕ್ಕೆ ಕ್ಯಾಬಿನ್ ಒಡೆಯಿತು.
276 ಸೆಂ.ಮೀ., 6:31:22.4. ನೌಕೆಯಿಂದ ಬರುತ್ತಿದ್ದ ದತ್ತಾಂಶವೆಲ್ಲ ನಿಂತಿತು.

ಎರಡನೇ ಮತ್ತು ನಾಲ್ಕನೇ ಗುರುತಿನ ನಡುವಿನ ಅಂತರವನ್ನು ಒಬ್ಬ ವಿದ್ಯಾರ್ಥಿ ಟೇಪು ಹಿಡಿದು ಅಳೆಯಲಿ. 147 ಸೆಂ.ಮೀ., ಎಂದರೆ 14.7 ಸೆಕೆಂಡು. ಇದರ ಪಕ್ಕದಲ್ಲೇ ಮತ್ತೊಂದು ಅಂಕಿ ಬರೆಯಿರಿ: ಎಲ್ಲವೂ ಸರಿಯಿದ್ದಾಗ ಒಳಗಿನವರು ಹೊರಬರಲು ಬೇಕಿದ್ದ ಸಮಯ ಕನಿಷ್ಠ 60ರಿಂದ 90 ಸೆಕೆಂಡು. ಅದೇ ಅಳತೆಯಲ್ಲಿ ಗೆರೆ ಎಳೆದರೆ ಆರರಿಂದ ಒಂಬತ್ತು ಮೀಟರ್ ಬೇಕು. ಬೋರ್ಡು ಸಾಲದೆ ಗೆರೆ ಕಿಟಕಿಯ ಗೋಡೆಗೆ ಹೋಗಿ ನಿಲ್ಲುತ್ತದೆ.

ಮಕ್ಕಳು ಕೇಳುವ ಪ್ರಶ್ನೆಯೊಂದಿದೆ: ಮೊದಲ ಗುರುತಿನಲ್ಲಿ ಬೆಂಕಿ ಹೊತ್ತಿದ್ದು ಖಂಡಿತವೇ? ಅಲ್ಲ. ವೋಲ್ಟೇಜ್ ಅಲುಗಿದ್ದು ದಾಖಲಾಗಿದೆ, ಬೆಂಕಿ ಹೊತ್ತಿದ ಕ್ಷಣ ದಾಖಲಾಗಿಲ್ಲ. ಆ ಹತ್ತು ಸೆಕೆಂಡನ್ನು ಚುಕ್ಕೆಗೆರೆಯಲ್ಲಿ ಬರೆಯುವುದೇ ಸರಿ.

ಕೊನೆಯ ಮಾತುಗಳ ಧ್ವನಿಮುದ್ರಣ ಅಂತರ್ಜಾಲದಲ್ಲಿ ಸಿಗುತ್ತದೆ. ತರಗತಿಯಲ್ಲಿ ಹಾಕಬೇಡಿ. ಮಾತು ಅಸ್ಪಷ್ಟ, ಅದರ ಪದಗಳನ್ನು ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಕೇಳಿಸಿಕೊಂಡಿದ್ದಾರೆ. ಪಾಠಕ್ಕೆ ಅದರಿಂದ ಸಿಗುವುದು ಏನೂ ಇಲ್ಲ, ಮಕ್ಕಳ ಮನಸ್ಸಿನಲ್ಲಿ ಉಳಿಯುವುದು ಕೂಗು ಮಾತ್ರ.

ಆಮ್ಲಜನಕದ ಲೆಕ್ಕ

"ಶುದ್ಧ ಆಮ್ಲಜನಕ ಇತ್ತು, ಅದಕ್ಕೇ ಹೊತ್ತಿತು" ಎಂದು ಹೇಳಿದರೆ ಅರ್ಧ ಸತ್ಯ. ಅಪೋಲೋಗಿಂತ ಮೊದಲಿನ ಮರ್ಕ್ಯುರಿ ಮತ್ತು ಜೆಮಿನಿ ಯೋಜನೆಗಳ ನೌಕೆಗಳಲ್ಲೂ ಶುದ್ಧ ಆಮ್ಲಜನಕವೇ ಇತ್ತು. ಅಪೋಲೋ ಚಂದ್ರನಿಗೆ ಹೋದಾಗಲೂ ಅದೇ ಇತ್ತು. ವ್ಯತ್ಯಾಸವಿರುವುದು ಒತ್ತಡದಲ್ಲಿ. ಬೋರ್ಡಿನಲ್ಲಿ ಮೂರು ಸಾಲು ಬರೆಸಿ, ಒತ್ತಡ ಪಿಎಸ್‌ಐ ಲೆಕ್ಕದಲ್ಲಿರಲಿ (ಚದರ ಅಂಗುಲಕ್ಕೆ ಇಷ್ಟು ಪೌಂಡ್ ಎಂಬ ಅಳತೆ):

ನಾವು ಉಸಿರಾಡುವ ಗಾಳಿ: 14.7 × 0.21 = 3.1
ಅಂತರಿಕ್ಷದಲ್ಲಿ ಅಪೋಲೋ ಕ್ಯಾಬಿನ್: 5 × 1 = 5
ಆ ಸಂಜೆ ನೆಲದ ಮೇಲೆ: 16.7 × 1 = 16.7

ಅಂತರಿಕ್ಷದಲ್ಲಿ ಆಮ್ಲಜನಕದ ಒತ್ತಡ ನಮ್ಮ ಗಾಳಿಯಲ್ಲಿರುವುದರ 1.6 ಪಟ್ಟು. ಆ ಸಂಜೆ 5.4 ಪಟ್ಟು. ಸಾಲದ್ದಕ್ಕೆ, ಬೆಂಕಿಯ ಶಾಖವನ್ನು ಹೀರಿಕೊಂಡು ಅದನ್ನು ನಿಧಾನ ಮಾಡುವ ಸಾರಜನಕ ಇಲ್ಲವೇ ಇಲ್ಲ. ಇಂಥ ಕಡೆ ಸಾಮಾನ್ಯವಾಗಿ ಉರಿಯದ ವಸ್ತುವೂ ಉರಿಯುತ್ತದೆ, ಉರಿಯುವ ವಸ್ತು ಭಗ್ಗನೆ ಹತ್ತಿಕೊಳ್ಳುತ್ತದೆ. ಕ್ಯಾಬಿನ್ನಿನೊಳಗೆ ನೈಲಾನ್ ಬಲೆ, ವೆಲ್ಕ್ರೋ ಪಟ್ಟಿ, ಫೋಮ್ ಬೇಕಾದಷ್ಟಿತ್ತು. ಬಿದ್ದ ಸಾಮಾನು ಸಂದಿಗೆ ಹೋಗದಿರಲಿ ಎಂದು ಬಲೆ, ವಸ್ತುಗಳನ್ನು ಅಂಟಿಸಿಡಲು ವೆಲ್ಕ್ರೋ. 5 ಪಿಎಸ್‌ಐನಲ್ಲಿ ಉರಿಸಿ ನೋಡಿ ಒಪ್ಪಿದ ಸಾಮಗ್ರಿಯನ್ನು 16.7ರಲ್ಲಿ ಬಳಸಿದ್ದೇ ಇಲ್ಲಿಯ ಮುಖ್ಯ ತಪ್ಪು.

ಹೊರಗಿನ ಗಾಳಿಗಿಂತ ಎರಡು ಪಿಎಸ್‌ಐ ಹೆಚ್ಚೇಕೆ ಇಟ್ಟರು ಎಂದು ಯಾರಾದರೂ ಕೇಳಿದರೆ ಜಾಣ ಪ್ರಶ್ನೆ. ಕ್ಯಾಬಿನ್ ರೂಪಿಸಿದ್ದು ಒಳಗಿನ ಒತ್ತಡ ತಡೆಯಲಿಕ್ಕೆ. ಅಂತರಿಕ್ಷದಲ್ಲಿ ಒತ್ತಡ ಒಳಗಿಂದ ಹೊರಕ್ಕೆ ಇರುತ್ತದೆ; ನೆಲದ ಮೇಲೂ ಅದೇ ದಿಕ್ಕಿನಲ್ಲಿ ಇರಿಸಿದರೆ ಸೋರಿಕೆ ತಿಳಿಯುತ್ತದೆ, ಹೊರಗಿನ ಗಾಳಿ ಒಳನುಗ್ಗುವುದಿಲ್ಲ.

ಇಲ್ಲಿಗೆ ಸಣ್ಣ ಪ್ರಯೋಗ. ಫ್ಲಾಸ್ಕಿಗೆ 20 ಮಿ.ಲೀ. ಪೆರಾಕ್ಸೈಡ್ ಹಾಕಿ, ಚಿಟಿಕೆ ಮ್ಯಾಂಗನೀಸ್ ಡೈಆಕ್ಸೈಡ್ ಉದುರಿಸಿ. ನೊರೆಯೇಳುತ್ತದೆ. ಅಷ್ಟು ದ್ರಾವಣದಿಂದ ಹೆಚ್ಚೂಕಡಿಮೆ 200 ಮಿ.ಲೀ. ಆಮ್ಲಜನಕ ಬರುತ್ತದೆ, ಫ್ಲಾಸ್ಕಿನ ಗಾಳಿಯನ್ನು ಹೊರದೂಡಲು ಅದು ಸಾಕು. ಅರ್ಧ ನಿಮಿಷ ಬಿಟ್ಟು, ಪೊರಕೆ ಕಡ್ಡಿಯ ತುದಿ ಹೊತ್ತಿಸಿ ಆರಿಸಿ, ಕೆಂಡವಿರುವಾಗಲೇ ದ್ರವಕ್ಕೆ ತಾಗದಂತೆ ಒಳಗಿಳಿಸಿ. ಕಡ್ಡಿ ಮತ್ತೆ ಜ್ವಾಲೆಯಾಗಿ ಹೊತ್ತುತ್ತದೆ. ತೆಗೆದು ಆರಿಸಿ, ಮತ್ತೆ ಇಳಿಸಿ. ಐದಾರು ಸಲ ಮಾಡಬಹುದು.

ಕೆಡುವುದು ಮೂರು ಕಡೆ. ಬಾಟಲಿ ತೆರೆದು ತಿಂಗಳುಗಟ್ಟಲೆ ಆಗಿದ್ದರೆ ಪೆರಾಕ್ಸೈಡ್ ನೀರಾಗಿರುತ್ತದೆ, ನೊರೆ ಬರುವುದಿಲ್ಲ, ಹೊಸದು ತನ್ನಿ. ಮ್ಯಾಂಗನೀಸ್ ಡೈಆಕ್ಸೈಡ್ ಇಲ್ಲವೆಂದು ಬೇಕರಿಯ ಈಸ್ಟ್ ಹಾಕಿದರೆ ನೊರೆ ಕುತ್ತಿಗೆಯವರೆಗೂ ಏರಿ ಕಡ್ಡಿಯನ್ನು ನಂದಿಸುತ್ತದೆ. ದೊಡ್ಡ ಪಾತ್ರೆ ಬೇಕು. ಊದುಬತ್ತಿ ಬಳಸಿದರೆ ಕೆಂಡ ಬೆಳ್ಳಗೆ ಹೊಳೆಯುತ್ತದೆ, ಜ್ವಾಲೆ ಬರುವ ಭರವಸೆಯಿಲ್ಲ. ಫ್ಲಾಸ್ಕಿನ ಬಾಯಿಗೆ ಬಿರಡೆ ಹಾಕಲೇಬಾರದು. ಪ್ರಯೋಗಾಲಯದ 30% ಪೆರಾಕ್ಸೈಡ್ ಮುಟ್ಟಬೇಡಿ, ಅದು ಕೈ ಸುಡುತ್ತದೆ, ಕುದಿದು ಚಿಮ್ಮುತ್ತದೆ. ಆಸ್ಪತ್ರೆಯ ಅಥವಾ ವೆಲ್ಡಿಂಗ್ ಅಂಗಡಿಯ ಆಮ್ಲಜನಕದ ಸಿಲಿಂಡರು ತಂದು ತೋರಿಸುವ ಉತ್ಸಾಹ ಯಾರಿಗಾದರೂ ಬಂದರೆ ಅಲ್ಲೇ ತಡೆಯಿರಿ. ನೈಲಾನ್, ವೆಲ್ಕ್ರೋ ಉರಿಸಿ ತೋರಿಸುವುದೂ ಬೇಡ. ಕರಗಿ ತೊಟ್ಟಿಕ್ಕುತ್ತದೆ, ಹೊಗೆ ವಿಷ.

ಈ ಫ್ಲಾಸ್ಕಿನಲ್ಲಿ ಇರುವುದು 14.7 ಪಿಎಸ್‌ಐ ಆಮ್ಲಜನಕ, ಅದೂ ನೀರಾವಿ ಬೆರೆತದ್ದು. ಆ ಸಂಜೆಯ ಕ್ಯಾಬಿನ್ನಿನಲ್ಲಿ ಇದಕ್ಕಿಂತ ಹೆಚ್ಚಿತ್ತು. ಈ ಮಾತನ್ನು ಕಡ್ಡಿ ಉರಿಯುತ್ತಿರುವಾಗಲೇ ಹೇಳಿ.

ಎರಡನೇ ಪೀರಿಯಡ್: ಬಾಗಿಲು

ಮೊದಲು ಬಾಗಿಲಿನ ಚಿತ್ರ ಬರೆಯಿರಿ. ಒಂದರ ಹೊರಗೊಂದು ಮೂರು ಪದರ. ಎಲ್ಲಕ್ಕಿಂತ ಒಳಗಿನದು ಕ್ಯಾಬಿನ್ನಿನ ಒತ್ತಡ ತಡೆಯುವ ಬಾಗಿಲು. ಅದು ಒಳಕ್ಕೆ ತೆಗೆಯುವಂಥದು. ಅದರಾಚೆ ಶಾಖಕವಚದ ಬಾಗಿಲು. ಅದರಾಚೆ, ಉಡಾವಣೆಯ ಹೊತ್ತಿಗೆ ನೌಕೆಯನ್ನು ಮುಚ್ಚುವ ಹೊದಿಕೆಯ ಬಾಗಿಲು. ಒಳಬಾಗಿಲು ವೈಟ್‌ರ ತಲೆಯ ಹಿಂದೆ ಇತ್ತು. ತುರ್ತಿನಲ್ಲಿ ಗ್ರಿಸಮ್ ಕೈಚಾಚಿ ವೈಟ್‌ರ ತಲೆದಿಂಬು ಇಳಿಸಬೇಕು, ವೈಟ್ ಎಡಭುಜದ ಮೇಲಿಂದ ಹಿಂದಕ್ಕೆ ಕೈ ಹಾಕಿ ರ‍್ಯಾಚೆಟ್ ತಿರುಗಿಸಿ ಅಗುಳಿಗಳನ್ನು ಬಿಡಿಸಬೇಕು, ಚಾಫಿ ಹೊರಗಿನವರೊಂದಿಗೆ ಸಂಪರ್ಕ ಕಾಯ್ದುಕೊಳ್ಳಬೇಕು. ಇದು ಲಿಖಿತ ಕ್ರಮ.

ಈಗ ಕುಕ್ಕರ್, ತಣ್ಣಗಿರುವ ಖಾಲಿ ಕುಕ್ಕರ್. ಮುಚ್ಚಳವನ್ನು ಓರೆಮಾಡಿ ಒಳಕ್ಕೆ ಇಳಿಸಿ, ಒಳಗಿಂದ ಮೇಲಕ್ಕೆ ಅಂಚಿಗೆ ಕೂರಿಸುವುದನ್ನು ನಿಧಾನವಾಗಿ ಮಾಡಿ ತೋರಿಸಿ. ಆವಿ ಹೆಚ್ಚಿದಷ್ಟೂ ಮುಚ್ಚಳ ಅಂಚಿಗೆ ಒತ್ತಿಕೊಳ್ಳುತ್ತದೆ, ಆವಿ ಇಳಿಯುವ ತನಕ ಎಂಥ ಬಲಶಾಲಿಗೂ ತೆಗೆಯಲಾಗದು. ಅಪೋಲೋದ ಒಳಬಾಗಿಲು ಕೆಲಸ ಮಾಡುತ್ತಿದ್ದದ್ದು ಇದೇ ರೀತಿ. ಒತ್ತಡವೇ ಬೀಗ. ಅಂತರಿಕ್ಷದಲ್ಲಿ ಇದಕ್ಕಿಂತ ಹಗುರವಾದ, ನಂಬಿಕೆಯ ಬೀಗ ಇನ್ನೊಂದಿಲ್ಲ. ವಿನ್ಯಾಸಕಾರರು ದಡ್ಡರೆಂದು ಮಕ್ಕಳಿಗೆ ಅನ್ನಿಸದಂತೆ ಇದನ್ನು ಹೇಳುವುದು ಅಗತ್ಯ.

ಇನ್ನು ಲೆಕ್ಕ. ಬಾಗಿಲನ್ನು 74 ಸೆಂ.ಮೀ. × 86 ಸೆಂ.ಮೀ. ಎಂದು ಇಟ್ಟುಕೊಳ್ಳಿ. ಬದಲಾವಣೆಯ ನಂತರದ ಬಾಗಿಲಿನ ಅಳತೆ ಅದು, ಅಂದಾಜಿಗೆ ಸಾಕು. ವಿಸ್ತೀರ್ಣ 6,364 ಚದರ ಸೆಂ.ಮೀ.

ಪರೀಕ್ಷೆಯ ಆರಂಭದಲ್ಲಿ ಒಳಗೂ ಹೊರಗೂ ಇದ್ದ ವ್ಯತ್ಯಾಸ 2 ಪಿಎಸ್‌ಐ, ಎಂದರೆ ಚದರ ಸೆಂ.ಮೀ.ಗೆ 0.14 ಕೆಜಿ. ಗುಣಿಸಿದರೆ ಸುಮಾರು 890 ಕೆಜಿ. ಬೆಂಕಿ ಬೀಳುವ ಮೊದಲೇ ಬಾಗಿಲಿನ ಮೇಲೆ ಇಷ್ಟು ಭಾರ.

ಕ್ಯಾಬಿನ್ ಒಡೆಯುವಾಗ ಒಳಗಿನ ಒತ್ತಡ ಕನಿಷ್ಠ 29 ಪಿಎಸ್‌ಐ. ಹೊರಗಿನ 14.7 ಕಳೆದರೆ 14.3, ಎಂದರೆ ಚದರ ಸೆಂ.ಮೀ.ಗೆ ಒಂದು ಕೆಜಿ. ಭಾರ 6,300 ಕೆಜಿಗೂ ಮೇಲೆ. ಅಡುಗೆಮನೆಯ ಕುಕ್ಕರ್ ಸೀಟಿ ಹೊಡೆಯುವ ಒತ್ತಡವೂ ಹೆಚ್ಚುಕಡಿಮೆ ಇಷ್ಟೇ. ಕುಕ್ಕರಿನ ಬಾಯಿ 15 ಸೆಂ.ಮೀ. ಅಗಲವಿದ್ದರೆ ಮುಚ್ಚಳದ ಮೇಲೆ ಸುಮಾರು 177 ಕೆಜಿ ಬೀಳುತ್ತದೆ ಎಂದು ಮಕ್ಕಳೇ ಅಳೆದು ಕಂಡುಕೊಳ್ಳಲಿ. ಆಗ 6,300 ಎಂಬ ಅಂಕಿ ಅವರಿಗೆ ತೂಕವಾಗಿ ಕಾಣಿಸುತ್ತದೆ.

ಒತ್ತಡ ಇಳಿಸುವ ಕವಾಟ ಇರಲಿಲ್ಲವೇ? ಇತ್ತು. ಅದರ ಹಿಡಿ ಎಡಬದಿಯಲ್ಲಿತ್ತು, ಬೆಂಕಿ ಹೊತ್ತಿದ್ದೂ ಅದೇ ಬದಿಯಲ್ಲಿ. ತೆರೆದಿದ್ದರೂ ಬೆಂಕಿ ಹುಟ್ಟಿಸುತ್ತಿದ್ದ ಒತ್ತಡವನ್ನು ಹೊರಬಿಡುವಷ್ಟು ಅದು ದೊಡ್ಡದಿರಲಿಲ್ಲ.

ಪಿಯುಸಿ ತರಗತಿಯಾದರೆ ಇನ್ನೊಂದು ಹೆಜ್ಜೆ ಇಡಿ. ಗಾತ್ರ ಬದಲಾಗದ ಪೆಟ್ಟಿಗೆಯಲ್ಲಿ ಒತ್ತಡ 16.7ರಿಂದ 29ಕ್ಕೆ ಏರಿದರೆ 1.74 ಪಟ್ಟು. ಆರಂಭದ ತಾಪ 295 ಕೆಲ್ವಿನ್ ಎಂದಿಟ್ಟರೆ ಸರಾಸರಿ ತಾಪ 512 ಕೆಲ್ವಿನ್, ಸುಮಾರು 240 ಡಿಗ್ರಿ ಸೆಲ್ಸಿಯಸ್. ಇದು ಸರಾಸರಿಯಷ್ಟೇ; ಜ್ವಾಲೆಯ ಬಳಿ ಇದಕ್ಕಿಂತ ಎಷ್ಟೋ ಹೆಚ್ಚು. ಅಲ್ಲದೆ ಘನವಸ್ತು ಉರಿದು ಅನಿಲವಾಗುವುದರಿಂದ ಅನಿಲದ ಮೋಲ್ ಸಂಖ್ಯೆಯೂ ಬದಲಾಗುತ್ತದೆ, ಈ ಲೆಕ್ಕ ಅದನ್ನು ಬಿಟ್ಟಿದೆ. ಏನನ್ನು ಬಿಟ್ಟಿದ್ದೇವೆ ಎಂದು ವಿದ್ಯಾರ್ಥಿಗಳಿಂದಲೇ ಹೇಳಿಸಿ.

ಹೊರಗಿನಿಂದ ಬಾಗಿಲು ತೆಗೆಯಲು ಸುಮಾರು ಐದು ನಿಮಿಷ ಹಿಡಿಯಿತು. ಕ್ಯಾಬಿನ್ ಒಡೆದಾಗ ಬೆಂಕಿ, ಹೊಗೆ ಹೊರಚಿಮ್ಮಿ ಕೆಲಸಗಾರರನ್ನು ಹಿಂದಕ್ಕೆ ತಳ್ಳಿತು. ಅಲ್ಲಿದ್ದ ಮುಖವಾಡಗಳು ಇಂಧನದ ವಿಷಾನಿಲಕ್ಕೆಂದು ಮಾಡಿದವು, ದಟ್ಟ ಹೊಗೆಗಲ್ಲ. ತಲೆಯ ಮೇಲೆ, ತುರ್ತಿನಲ್ಲಿ ನೌಕೆಯನ್ನು ರಾಕೆಟ್ಟಿನಿಂದ ದೂರ ಎಳೆದೊಯ್ಯುವ ಘನ ಇಂಧನದ ಪಾರುಗೋಪುರ ಇತ್ತು. ಅದಕ್ಕೆ ಬೆಂಕಿ ತಗುಲಿದರೆ ಎಲ್ಲರೂ ಹೋದಂತೆ. ಇಷ್ಟಾದರೂ ಅವರು ಮತ್ತೆ ಮತ್ತೆ ಒಳಗೆ ಹೋದರು. "ಇಂಧನವಿಲ್ಲ, ಅಪಾಯವಿಲ್ಲ" ಎಂದು ಬೋರ್ಡಿನ ಮೂಲೆಯಲ್ಲಿ ಬರೆದದ್ದನ್ನು ಈಗ ತೋರಿಸಿ.

ಸಾವಿನ ಕಾರಣ ಹೇಳುವಾಗ ಎಚ್ಚರ. ಸುಟ್ಟ ಗಾಯ ಇದ್ದವು, ಆದರೆ ಪ್ರಾಣ ಹೋದದ್ದು ಕಾರ್ಬನ್ ಮೊನಾಕ್ಸೈಡಿನಂಥ ವಿಷಾನಿಲದಿಂದ ಉಸಿರುಗಟ್ಟಿ, ಹೃದಯ ನಿಂತು. ಉಡುಪು ಒಮ್ಮೆ ತೂತಾದ ಮೇಲೆ ಪ್ರಜ್ಞೆ ತಪ್ಪಲು 15ರಿಂದ 30 ಸೆಕೆಂಡು ಸಾಕಾಯಿತು ಎಂಬುದು ತನಿಖೆಯ ಅಂದಾಜು.

ಕಿಡಿಗೆ ಹತ್ತು ನಿಮಿಷ

ಲ್ಯಾಂಗ್ಲಿ ಸಂಶೋಧನಾ ಕೇಂದ್ರದ ನಿರ್ದೇಶಕ ಫ್ಲಾಯ್ಡ್ ಥಾಂಪ್ಸನ್ ಅಧ್ಯಕ್ಷತೆಯ ಮಂಡಳಿ ನೌಕೆಯನ್ನು ಬಿಚ್ಚಿದ ರೀತಿಯೇ ಒಂದು ಪಾಠ. ಒಳಗಿನ ಒಂದು ತುಣುಕೂ ಅಲುಗಬಾರದೆಂದು ಆಸನಗಳ ಮೇಲೆ ಪಾರದರ್ಶಕ ಹಲಗೆಯ ಸುಳ್ಳುನೆಲ ಹಾಸಿ, ಅದರ ಮೇಲೆ ಕೂತು ಸಾವಿರಕ್ಕೂ ಹೆಚ್ಚು ಭಾಗಗಳನ್ನು ತೆಗೆದರು. ಯಾವುದನ್ನು ಹೇಗೆ ಬಿಚ್ಚಬೇಕೆಂದು ಮೊದಲು 014ನೇ ನೌಕೆಯ ಮೇಲೆ ಅಭ್ಯಾಸ ಮಾಡಿದರು. ವರದಿ ಬಂದದ್ದು 5 ಏಪ್ರಿಲ್ 1967ರಂದು.

ಗ್ರಿಸಮ್‌ರ ಆಸನದ ಕೆಳಗೆ, ಎಡಗಡೆಯ ಉಪಕರಣಗಳ ಅಂಕಣದ ಮುಂಭಾಗದಲ್ಲಿ, ಉಸಿರಾಟದ ಗಾಳಿ ಶುದ್ಧ ಮಾಡುವ ಘಟಕ ಮತ್ತು ಆಮ್ಲಜನಕದ ಫಲಕದ ನಡುವೆ ಹಾದುಹೋಗುವ ತಂತಿಯಲ್ಲಿ ವಿದ್ಯುತ್ ಚಾಪ, ಎಂದರೆ ಕಿಡಿ, ಎದ್ದಿರುವುದು ಅತಿ ಸಂಭವನೀಯ ಎಂದು ಮಂಡಳಿ ಹೇಳಿತು. ಅಲ್ಲೇ ಪಕ್ಕದಲ್ಲಿ ತಂಪುಕಾರಕದ ಕೊಳವೆ. ಅದರಲ್ಲಿ ನೀರು ಮತ್ತು ಗ್ಲೈಕಾಲ್. ಅದು ಕೀಲುಗಳಲ್ಲಿ ಸೋರುತ್ತಿತ್ತು, ನೀರು ಆರಿದ ಮೇಲೆ ಉಳಿಯುವ ಗ್ಲೈಕಾಲ್ ಉರಿಯುತ್ತದೆ.

ಮಂಡಳಿ ಪಟ್ಟಿ ಮಾಡಿದ ಆರು ಸಂಗತಿಗಳನ್ನು ಬೋರ್ಡಿಗೆ ಬರೆದು, ಆರು ಗುಂಪುಗಳಿಗೆ ಒಂದೊಂದು ಹಂಚಿ: ಆಮ್ಲಜನಕ ತುಂಬಿದ ಮುಚ್ಚಿದ ಕ್ಯಾಬಿನ್; ಎಲ್ಲೆಡೆ ಉರಿಯುವ ವಸ್ತು; ಸುಲಭವಾಗಿ ಹಾಳಾಗುವ ತಂತಿ; ಸುಲಭವಾಗಿ ಸೋರುವ ಕೊಳವೆ; ಒಳಗಿನವರು ಪಾರಾಗಲು ಸಾಲದ ಏರ್ಪಾಡು; ಹೊರಗಿನವರು ಕಾಪಾಡಲು ಸಾಲದ ಏರ್ಪಾಡು. ಪ್ರತಿ ಗುಂಪೂ "ಇದೊಂದು ಸರಿಯಿದ್ದಿದ್ದರೆ?" ಎಂದು ಎರಡು ನಿಮಿಷ ಮಾತಾಡಲಿ. ತಂತಿಯ ಗುಂಪು ಎಲ್ಲರಿಗಿಂತ ಮೊದಲು ಸೋಲುತ್ತದೆ: ಎಷ್ಟೇ ತಂತಿ ಇರಲಿ, ಎಂದೂ ಕಿಡಿ ಹಾರದ ತಂತಿಜಾಲವನ್ನು ಯಾರೂ ಖಾತರಿ ಕೊಡಲಾರರು. ಉಳಿದ ಐದನ್ನು ಖಾತರಿಪಡಿಸಬಹುದು.

ಆಮೇಲೆ ಬದಲಾದದ್ದು

ಹೊರಕ್ಕೆ ತೆರೆಯುವ ಒಂದೇ ಬಾಗಿಲು ಬಂತು, ಹತ್ತು ಸೆಕೆಂಡಿನೊಳಗೆ ತೆರೆಯುವಂಥದು. ನೈಲಾನ್ ಜಾಗಕ್ಕೆ ಟೆಫ್ಲಾನ್ ಲೇಪಿಸಿದ ಗಾಜಿನ ನೂಲಿನ ಬೀಟಾ ಬಟ್ಟೆ ಬಂತು. ಇವೆಲ್ಲ ಹೇಳಿ ಮುಗಿಸಬಹುದಾದ ಸಂಗತಿಗಳು. ಲೆಕ್ಕ ಹಾಕಿಸಬೇಕಾದದ್ದು ಹೊಸ ಗಾಳಿಯನ್ನು. ನೆಲದ ಮೇಲೆ ಕ್ಯಾಬಿನ್ನಿನಲ್ಲಿ 60% ಆಮ್ಲಜನಕ, 40% ಸಾರಜನಕ. ಮೇಲೇರುವಾಗ ಒತ್ತಡ 5 ಪಿಎಸ್‌ಐಗೆ ಇಳಿಯುತ್ತದೆ, ಕ್ರಮೇಣ ಶುದ್ಧ ಆಮ್ಲಜನಕವಾಗುತ್ತದೆ. ಮಾಮೂಲಿ ಗಾಳಿಯೇ ಏಕಲ್ಲ? 5 × 0.21 ಮಾಡಿ ನೋಡಿ, 1.05 ಪಿಎಸ್‌ಐ, ಅಷ್ಟರಲ್ಲಿ ಮನುಷ್ಯ ಎಚ್ಚರವಿರಲಾರ. 5 × 0.6 ಮಾಡಿ, 3. ನಾವು ಈ ಕೋಣೆಯಲ್ಲಿ ಉಸಿರಾಡುತ್ತಿರುವುದಕ್ಕೆ ಬಹುತೇಕ ಸಮ. 60 ಎಂಬ ಅಂಕಿಯ ಮರ್ಮ ಈ ಒಂದು ಗುಣಾಕಾರದಲ್ಲಿ ತಿಳಿಯುತ್ತದೆ.

ಮಕ್ಕಳ ಬರಹದಲ್ಲಿ ತಿದ್ದಬೇಕಾಗುವ ತಪ್ಪುಗಳು

ಸಂಖ್ಯೆಗಳ ಗೊಂದಲ ಮೊದಲನೆಯದು. ಅಪೋಲೋ 2, 3 ಯಾವಾಗ ಹಾರಿದವು ಎಂದು ಹುಡುಕುತ್ತಾ ಕೂರುತ್ತಾರೆ. ಆ ಹೆಸರಿನ ಯಾನಗಳಿಲ್ಲ. 1966ರಲ್ಲಿ ಜನರಿಲ್ಲದೆ ಮೂರು ಹಾರಾಟ ನಡೆದವು: ಫೆಬ್ರವರಿಯಲ್ಲಿ ಎಎಸ್-201 (ಎಎಸ್ ಎಂದರೆ ಅಪೋಲೋ-ಸ್ಯಾಟರ್ನ್), ಜುಲೈಯಲ್ಲಿ 203, ಆಗಸ್ಟ್‌ನಲ್ಲಿ 202; ಹೌದು, 203 ಮೊದಲು. ಬೆಂಕಿಗೆ ಸಿಕ್ಕಿದ ಯಾನದ ಕಡತದ ಹೆಸರು ಎಎಸ್-204. ಅಪೋಲೋ 1 ಎಂಬ ಹೆಸರನ್ನು ಆ ಮೂವರಿಗಾಗಿ ಕಾಯ್ದಿರಿಸಿ ನಾಸಾ ಅಧಿಕೃತಗೊಳಿಸಿದ್ದು ಏಪ್ರಿಲ್ 1967ರಲ್ಲಿ. ಮುಂದಿನದು ಅಪೋಲೋ 4, ನವೆಂಬರ್ 1967, ಸ್ಯಾಟರ್ನ್ 5ರ ಮೊದಲ ಹಾರಾಟ. ಬೆಂಕಿಯ ದಿನ ಕೆಳಗೆ ನಿಂತಿದ್ದ 204ನೇ ರಾಕೆಟ್ಟಿಗೆ ಹಾನಿಯಾಗಿರಲಿಲ್ಲ. 22 ಜನವರಿ 1968ರಂದು ಅದು ಅಪೋಲೋ 5 ಆಗಿ, ಜನರಿಲ್ಲದ ಚಂದ್ರನೌಕೆಯನ್ನು ಹೊತ್ತು ಹಾರಿತು. ಜನರಿದ್ದ ಮೊದಲ ಹಾರಾಟ ಅಕ್ಟೋಬರ್ 1968ರ ಅಪೋಲೋ 7, ಅದೇ 34ನೇ ಕಟ್ಟೆಯಿಂದ: ಷಿರಾ, ಐಸ್ಲಿ, ಕನಿಂಗ್‌ಹ್ಯಾಮ್. ಎರಡು ತಿಂಗಳಿಗೆ ಅಪೋಲೋ 8 ಚಂದ್ರನನ್ನು ಹತ್ತು ಸುತ್ತು ಹಾಕಿ ಬಂತು. ಅದರ ನಾಯಕ ಫ್ರಾಂಕ್ ಬೋರ್ಮನ್ ಬೆಂಕಿಯ ತನಿಖಾ ಮಂಡಳಿಯ ಸದಸ್ಯ.

ದಿನಾಂಕದಲ್ಲೂ ತಪ್ಪುತ್ತದೆ. ವರದಿಯಲ್ಲಿ ಗ್ರೀನಿಚ್ ಸಮಯ 23:31 ಎಂದೂ ಕಾಣುತ್ತದೆ, ಅಲ್ಲಿಯ ಸ್ಥಳೀಯ ಸಮಯ ಸಂಜೆ 6:31. ನಮ್ಮ ಗಡಿಯಾರದಲ್ಲಿ ಆಗ ಜನವರಿ 28ರ ಬೆಳಗಿನ 5:01. ಒಂದು ಬರಹದಲ್ಲಿ ಒಂದೇ ಗಡಿಯಾರ ಬಳಸಲು ಹೇಳಿ.

"ಬೆಂಕಿಯ ನಂತರ ಶುದ್ಧ ಆಮ್ಲಜನಕ ಬಿಟ್ಟರು" ಎಂಬ ವಾಕ್ಯ ಹತ್ತರಲ್ಲಿ ಎಂಟು ಉತ್ತರಪತ್ರಿಕೆಗಳಲ್ಲಿ ಬರುತ್ತದೆ. ಕೆಂಪು ಶಾಯಿಯಲ್ಲಿ "ಎಲ್ಲಿ? ಎಷ್ಟು ಒತ್ತಡದಲ್ಲಿ?" ಎಂದು ಬರೆದು ಹಿಂತಿರುಗಿಸಿ.

ಕೊನೆಗೆ ಯಾರಾದರೂ "ತಪ್ಪು ಯಾರದು, ನಾಸಾದ್ದೋ ನೌಕೆ ಕಟ್ಟಿದ ನಾರ್ತ್ ಅಮೆರಿಕನ್ ಕಂಪನಿಯದ್ದೋ" ಎಂದು ಕೇಳಿಯೇ ಕೇಳುತ್ತಾರೆ. ಅಭಿಪ್ರಾಯ ಹೇಳುವ ಬದಲು ವರದಿಯ ಮೂರು ಅಂಕಿ ಕೊಡಿ. ಆಗಸ್ಟ್ 1966ರಲ್ಲಿ ಕಾರ್ಖಾನೆಯಿಂದ ಕೇಪ್‌ಗೆ ಬಂದಾಗ ಆ ನೌಕೆಯಲ್ಲಿ ಮುಗಿಯದೆ ಉಳಿದಿದ್ದ ಮಹತ್ವದ ಎಂಜಿನಿಯರಿಂಗ್ ಆದೇಶಗಳು 113. ಬಂದ ಮೇಲೆ ಹೊರಡಿಸಿದವು 623. ಇವುಗಳಲ್ಲಿ 22 ಅಪಘಾತದ ದಿನದವರೆಗೂ ದಾಖಲೆ ಪುಸ್ತಕಕ್ಕೆ ಏರಿರಲಿಲ್ಲ. ಮುಗಿಸದೆ ಕಳಿಸಿದವರು ಯಾರು, ಹಾಗೇ ಒಪ್ಪಿಕೊಂಡವರು ಯಾರು, ಬದಲಾವಣೆ ಕೇಳುತ್ತಲೇ ಇದ್ದವರು ಯಾರು ಎಂದು ಮೂರು ಕಾಲಂ ಹಾಕಿ, ಮನೆಗೆಲಸವಾಗಿ ತುಂಬಿಕೊಂಡು ಬರಲು ಹೇಳಿ.